ದೂರದ ಗೋಪುರವೂ ದಿಂಬಿನ ಕೆಳಗಿನ ಬ್ಯಾಟರಿಯೂ

ಮೈಸೂರಿನ ಜನಕ್ಕೆ ರೇಡಿಯೋ ತರಂಗಗಳು ಹೊಸ ಪರಿಚಯವೇನಲ್ಲ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರ ಸೆಪ್ಟೆಂಬರ್ ೧೦ರಂದು ತಮ್ಮ ‘ವಿಠ್ಠಲ ವಿಹಾರ’ದ ಮನೆಯಲ್ಲಿಯೇ ೩೦ ವಾಟ್ ಸಾಮರ್ಥ್ಯದ ಪ್ರೇಷಕವೊಂದನ್ನು ಇರಿಸಿಕೊಂಡು ಬಾನುಲಿ ಕೇಂದ್ರವನ್ನು ಪ್ರಾರಂಭಿಸಿದರು. ಆ ಮನೆಯ ನಿಲಯಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಗೆ ಹೆಸರಾಯಿತೆಂಬುದು ನಮ್ಮ ಊರಿಗೆ ಹೆಮ್ಮೆಯ ಸಂಗತಿ. ಆ ಕಾಲದಲ್ಲಿ ಪ್ರೇಷಕವಿದ್ದದ್ದು ಒಬ್ಬರ ಮನೆಯಲ್ಲಿ. ಗ್ರಾಹಕ ಯಂತ್ರವಿದ್ದದ್ದು ಕೆಲವೇ ಅನುಕೂಲಸ್ಥರ ಮನೆಗಳಲ್ಲಿ. ಇಂದು ಪ್ರೇಷಕ, ಗ್ರಾಹಕಗಳೆರಡೂ ಅಂಗೈಯಗಲದ ಒಂದೇ ಪೆಟ್ಟಿಗೆಯಲ್ಲಿ ಅಡಗಿ ನಮ್ಮೆಲ್ಲರ ಜೇಬುಗಳಲ್ಲಿ ಕುಳಿತಿವೆ.

೧೯೯೫ರ ಜುಲೈ ೩೧ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖ್ ರಾಮ್ ಅವರೊಡನೆ ಮಾತನಾಡಿದ್ದು ನಮ್ಮ ದೇಶದ ಮೊದಲ ಮೊಬೈಲ್ ಕರೆ. ಅಂದಿನಿಂದ ಸುಮಾರು ಇಪ್ಪತ್ತೈದು ವರ್ಷಗಳ ಕಾಲ ಈ ಉಪಕರಣ ದೊಡ್ಡವರ ಕೈಯಲ್ಲಿತ್ತು. ಶಾಲೆಯ ಮಟ್ಟಿಗೆ ಹೇಳುವುದಾದರೆ, ಅದನ್ನು ಮಕ್ಕಳ ಕೈಗೆ ಕೊಡಿಸಿದವರು ನಾವೇ. ೨೦೨೦ರ ಮಾರ್ಚ್‌ನಲ್ಲಿ ಸೋಂಕಿನ ಭಯದಿಂದ ಶಾಲೆಗಳು ಮುಚ್ಚಿದಾಗ, ಅದುವರೆಗೆ ಮೊಬೈಲನ್ನು ಕಂಡರೆ ಕಿತ್ತಿಟ್ಟುಕೊಳ್ಳುತ್ತಿದ್ದ ಉಪಾಧ್ಯಾಯರೇ ಪೋಷಕರಿಗೆ ಹೇಳಿಕಳುಹಿಸಿ, ಹೇಗಾದರೂ ಮಾಡಿ ಮಗುವಿಗೊಂದು ಮೊಬೈಲ್ ಒದಗಿಸಿರೆಂದು ಬೇಡಿಕೊಳ್ಳಬೇಕಾಯಿತು. ಶಾಲೆಗಳು ಮತ್ತೆ ತೆರೆದವು. ಕೊಟ್ಟ ಮೊಬೈಲು ಹಿಂದಕ್ಕೆ ಬರಲಿಲ್ಲ. ಆದುದರಿಂದ ಅದರ ಹಿತಾಹಿತಗಳನ್ನು ಕುರಿತು ಯೋಚಿಸುವ ಹೊಣೆಯೂ ನಮ್ಮ ಮೇಲೆಯೇ ಬಿದ್ದಿದೆ.

ಪೋಷಕರ ಸಭೆಗಳಲ್ಲಿ, ಹಳೆಯ ವಿದ್ಯಾರ್ಥಿಗಳ ಕೂಟಗಳಲ್ಲಿ ಭೌತಶಾಸ್ತ್ರದ ಮೇಷ್ಟರೆಂಬ ಕಾರಣಕ್ಕೆ ನನ್ನನ್ನು ಹಿಡಿದು ನಿಲ್ಲಿಸಿ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ಟವರಿನಿಂದ ಬರುವ ರೇಡಿಯೇಷನ್ನಿನಿಂದ ಮಕ್ಕಳ ಮೆದುಳಿಗೆ ಅಪಾಯವಿಲ್ಲವೆ, ಮೇಷ್ಟರೇ?” ಪ್ರಶ್ನೆ ಕೇಳುವವರನ್ನು ಅಜ್ಞಾನಿಗಳೆಂದು ತಳ್ಳಿಹಾಕುವವನು ನಾನಲ್ಲ. ಕಣ್ಣಿಗೆ ಕಾಣದ್ದು, ಕೇಳಿ ಅನುಮತಿ ಪಡೆಯದೆ ಮನೆಯೊಳಗೆ ಬರುವಂಥದ್ದು, ಅದರಿಂದ ಹಣ ಗಳಿಸುವವರು ಬೇರೆಲ್ಲೋ ಇರುವಂಥದ್ದು ಭಯವನ್ನು ಹುಟ್ಟಿಸುವುದು ಸಹಜ. ಆದರೆ ಇದೇ ಪ್ರಶ್ನೆ ಕೇಳಿದ ಪೋಷಕರ ಮನೆಗೆ ಹೋದರೆ ಕಾಣುವುದೇನು? ಗೋಡೆಯ ಪ್ಲಗ್ಗಿನಲ್ಲಿ ಸದಾ ಸಿಕ್ಕಿಸಿದ, ಹೆಸರುದೆಸೆಯಿಲ್ಲದ ಚಾರ್ಜರು. ಅದರ ತಂತಿಯ ಸಿಪ್ಪೆ ಸುಲಿದ ಕಡೆ ಸುತ್ತಿದ ಟೇಪು. ಹಾಸಿಗೆಯ ಮೇಲೆ, ದಿಂಬಿನ ಕೆಳಗೆ, ರಾತ್ರಿಯಿಡೀ ಚಾರ್ಜ್ ಆಗುತ್ತಿರುವ ಫೋನು. ನಮ್ಮ ಭಯ ದೂರದ ಗೋಪುರಕ್ಕೆ ಸಂದಿದೆ, ನಮ್ಮ ಅಲಕ್ಷ್ಯ ತಲೆದಿಂಬಿಗೆ ಸಂದಿದೆ. ಈ ಹಂಚಿಕೆ ತಲೆಕೆಳಗಾಗಿದೆಯೆಂಬುದೇ ಈ ಲೇಖನದಲ್ಲಿ ನಾನು ನಿವೇದಿಸಬೇಕೆಂದಿರುವ ಅಭಿಪ್ರಾಯ.

ಮೊದಲು ತರಂಗದ ವಿಚಾರ. ‘ವಿಕಿರಣ’ ಎಂಬ ಒಂದೇ ಪದದಿಂದ ನಾವು ಎರಡು ಬೇರೆ ಬೇರೆ ಸಂಗತಿಗಳನ್ನು ಕರೆಯುತ್ತಿರುವುದೇ ಅರ್ಧ ಗೊಂದಲಕ್ಕೆ ಮೂಲ. ಕ್ಷಕಿರಣ, ಗಾಮಾಕಿರಣಗಳ ಒಂದೊಂದು ಕಣದಲ್ಲಿಯೂ ಅಣುವಿನಿಂದ ಎಲೆಕ್ಟ್ರಾನನ್ನು ಕಿತ್ತು ಹೊರಗೆಸೆಯುವಷ್ಟು ಶಕ್ತಿಯಿದೆ. ಅವು ಜೀವಕೋಶದ ಒಳಗಿನ ವಂಶವಾಹಿ ತಂತುಗಳನ್ನು ಕತ್ತರಿಸಬಲ್ಲವು. ಮೊಬೈಲ್ ಬಳಸುವ ತರಂಗಗಳ ಕಣಗಳು ಅವುಗಳ ಮುಂದೆ ಲಕ್ಷದಲ್ಲೊಂದು ಪಾಲಿನ ಶಕ್ತಿಗೂ ಸಮವಲ್ಲ. ಅಂತಹ ಎಷ್ಟು ಕಣಗಳು ಬಂದರೂ ಅಣುವಿನ ಬಂಧವನ್ನು ಕಡಿಯಲಾರವು. ದೇಹದ ನೀರಿನ ಅಂಶವನ್ನು ಕಿಂಚಿತ್ ಬಿಸಿಮಾಡಬಲ್ಲವು. ಒಂದು ಸಾವಿರ ಜನ ಮಕ್ಕಳು ಒಬ್ಬೊಬ್ಬರಾಗಿ ಬಂದು ಗೋಡೆಯನ್ನು ತಳ್ಳಿದರೂ ಗೋಡೆ ಬೀಳದು. ಕೈಯಂಟಿದ ಕಡೆ ತುಸು ಬೆಚ್ಚಗಾದೀತು, ಅಷ್ಟೆ. ತರಗತಿಯಲ್ಲಿ ನಾನು ಕೊಡುತ್ತಿದ್ದ ಉಪಮೆ ಇದು.

ಹಾಗಾದರೆ ಬಿಸಿಯಾಗುವುದಾದರೂ ಎಷ್ಟು ಎಂದರೆ, ಅದಕ್ಕೊಂದು ಅಳತೆಯುಂಟು. ಒಂದು ಕಿಲೋಗ್ರಾಂ ಅಂಗಾಂಶವು ಹೀರಿಕೊಳ್ಳುವ ಶಕ್ತಿಯನ್ನು ವಾಟ್‌ಗಳಲ್ಲಿ ಹೇಳುವುದು ರೂಢಿ. ಇದನ್ನು ‘ಸಾರ್’ ಮೌಲ್ಯವೆನ್ನುತ್ತಾರೆ. ನಮ್ಮ ಸರ್ಕಾರ ೨೦೧೨ರ ಸೆಪ್ಟೆಂಬರ್ ೧ರಿಂದ ಈ ಮಿತಿಯನ್ನು ೧.೬ ವಾಟ್‌ಗೆ ಇಳಿಸಿತು. ಒಂದು ಗ್ರಾಂ ಅಂಗಾಂಶದ ಮೇಲೆ ಸರಾಸರಿ ತೆಗೆಯಬೇಕೆಂಬುದು ನಿಯಮ. ಅಮೆರಿಕದ ಮಿತಿಯೂ ಇದೇ. ಯುರೋಪಿನವರದು ಹತ್ತು ಗ್ರಾಂ ಸರಾಸರಿಯಲ್ಲಿ ೨ ವಾಟ್. ಅದೇ ದಿನದಿಂದ ಗೋಪುರಗಳಿಗೂ ಅಂತರರಾಷ್ಟ್ರೀಯ ಮಾರ್ಗಸೂಚಿಯ ಹತ್ತನೆಯ ಒಂದು ಪಾಲಿನ ಮಿತಿಯನ್ನು ವಿಧಿಸಲಾಯಿತು. ೯೦೦ ಮೆಗಾಹರ್ಟ್ಸ್ ಆವೃತ್ತಿಯಲ್ಲಿ ಅದು ಚದರ ಮೀಟರಿಗೆ ೦.೪೫ ವಾಟ್. ನಡುಹಗಲಿನ ಬಿಸಿಲು ಚದರ ಮೀಟರಿಗೆ ಸುಮಾರು ಸಾವಿರ ವಾಟ್ ಸುರಿಯುತ್ತದೆಂಬುದನ್ನು ಪಕ್ಕದಲ್ಲಿಟ್ಟು ನೋಡಿರಿ. ಹೋಲಿಕೆ ಪೂರ್ಣವಲ್ಲವೆಂದು ಒಪ್ಪುತ್ತೇನೆ: ಬಿಸಿಲು ಚರ್ಮದಲ್ಲಿಯೇ ನಿಲ್ಲುತ್ತದೆ, ಈ ತರಂಗ ಕೆಲವು ಸೆಂಟಿಮೀಟರು ಒಳಕ್ಕೆ ಇಳಿಯುತ್ತದೆ. ಆದರೂ ಪ್ರಮಾಣದ ಕಲ್ಪನೆ ಬರುವುದಕ್ಕೆ ಅದು ಸಾಕು. ಆಸಕ್ತರು ತಮ್ಮ ಫೋನಿನಲ್ಲಿ *#೦೭# ಎಂದು ಒತ್ತಿದರೆ ಬಹುತೇಕ ಮಾದರಿಗಳಲ್ಲಿ ಅದರ ಸಾರ್ ಮೌಲ್ಯ ಪರದೆಯ ಮೇಲೆ ಮೂಡುತ್ತದೆ.

ಇನ್ನು ಕ್ಯಾನ್ಸರಿನ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ೨೦೧೧ರ ಮೇ ತಿಂಗಳಲ್ಲಿ ಈ ತರಂಗಗಳನ್ನು ‘೨ ಬಿ’ ವರ್ಗಕ್ಕೆ, ಎಂದರೆ ಕ್ಯಾನ್ಸರ್ ತರಬಹುದಾದ ಸಂಭವವಿರುವ ವಸ್ತುಗಳ ವರ್ಗಕ್ಕೆ ಸೇರಿಸಿತು. ಅಂದಿನಿಂದ ಈ ಎರಡು ಅಕ್ಷರಗಳು ಎಷ್ಟು ಜನರ ನಿದ್ದೆ ಕೆಡಿಸಿವೆಯೆಂದು ಹೇಳಲಾಗದು. ಆದರೆ ಆ ಪಟ್ಟಿ ಅಪಾಯದ ಪ್ರಮಾಣವನ್ನು ಅಳೆಯುವ ಪಟ್ಟಿಯಲ್ಲ. ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು ಅಳೆಯುವ ಪಟ್ಟಿ. ಪೂರ್ವ ಏಷ್ಯಾದ ಸಾಂಪ್ರದಾಯಿಕ ತರಕಾರಿಯ ಉಪ್ಪಿನಕಾಯಿಯೂ, ಲೋಳೆಸರದ ಇಡೀ ಎಲೆಯ ಸಾರವೂ ಅದೇ ವರ್ಗದಲ್ಲಿವೆ. ಕಾಫಿಯೂ ೨೦೧೬ರವರೆಗೆ ಅಲ್ಲಿಯೇ ಇತ್ತು. ಮೈಸೂರಿನವರು ಆ ಕಾರಣಕ್ಕೆ ಒಂದು ಲೋಟ ಕಾಫಿಯನ್ನೂ ಬಿಟ್ಟಂತೆ ಕಾಣಲಿಲ್ಲ.

ಮುಂದೆ ನಡೆದ ಅಧ್ಯಯನಗಳು ಭಯವನ್ನು ಹೆಚ್ಚಿಸಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕೋರಿಕೆಯ ಮೇರೆಗೆ ನಡೆದು ೨೦೨೪ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯು ಮನುಷ್ಯರನ್ನು ಕುರಿತ ೬೩ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ, ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರಿಗೂ ಸಂಬಂಧ ಕಾಣುವುದಿಲ್ಲವೆಂದು ಹೇಳಿತು. ಹತ್ತು ವರ್ಷಕ್ಕೂ ಮೀರಿ ಬಳಸಿದವರಲ್ಲಿಯೂ ಕಾಣಲಿಲ್ಲ. ಪ್ರಾಣಿಗಳ ಮೇಲಿನ ಪ್ರಯೋಗಗಳ ಮಾತು ಬೇರೆ. ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮದವರು ಎರಡು ವರ್ಷ, ದಿನಕ್ಕೆ ಒಂಬತ್ತು ಗಂಟೆ, ಇಡೀ ದೇಹಕ್ಕೆ ತರಂಗ ಬೀಳುವಂತೆ ಇಲಿಗಳನ್ನಿರಿಸಿ, ಗಂಡಿಲಿಗಳ ಹೃದಯದಲ್ಲಿ ಒಂದು ಬಗೆಯ ಗಂತಿಯನ್ನು ಕಂಡು ೨೦೧೮ರಲ್ಲಿ ವರದಿ ಮಾಡಿದರು. ವಿಚಿತ್ರವೆಂದರೆ, ಅದೇ ಪ್ರಯೋಗದಲ್ಲಿ ತರಂಗಕ್ಕೊಡ್ಡಿದ ಗಂಡಿಲಿಗಳು ಒಡ್ಡದವುಗಳಿಗಿಂತ ಹೆಚ್ಚು ಕಾಲ ಬದುಕಿದವು! ವಿಜ್ಞಾನದಲ್ಲಿ ಇಂತಹ ಒರಟು ಅಂಚುಗಳಿರುತ್ತವೆ. ಅದನ್ನು ಮುಚ್ಚಿಟ್ಟು ‘ಏನೂ ಇಲ್ಲ’ ಎಂದು ಸಾರುವುದೂ ಸರಿಯಲ್ಲ, ಅದೊಂದನ್ನೇ ಎತ್ತಿ ಹಿಡಿದು ‘ಎಲ್ಲವೂ ವಿಷ’ ಎನ್ನುವುದೂ ಸರಿಯಲ್ಲ. ಮಕ್ಕಳ ತಲೆಬುರುಡೆ ತೆಳುವಾದುದರಿಂದಲೂ ಅವರ ಬಳಕೆಯ ಅವಧಿ ಇಡೀ ಜೀವಮಾನದ್ದಾದುದರಿಂದಲೂ ಅನಾವಶ್ಯಕ ಕರೆಗಳಿಂದ ಅವರನ್ನು ದೂರವಿಡುವುದು ಲೇಸೆಂದು ಬ್ರಿಟನ್ನಿನಲ್ಲಿ ಸರ್ ವಿಲಿಯಂ ಸ್ಟೂವರ್ಟ್ ಅವರ ಸಮಿತಿ ೨೦೦೦ದಲ್ಲಿಯೇ ಹೇಳಿತ್ತು. ಈ ಎಚ್ಚರಿಕೆಯನ್ನು ನಾನು ಒಪ್ಪುತ್ತೇನೆ. ಫೋನನ್ನು ಕಿವಿಗೊತ್ತದೆ ತಂತಿಯ ಕಿವಿನುಡಿಯಿಂದಲೋ ಸ್ಪೀಕರಿನಿಂದಲೋ ಮಾತನಾಡಿದರೆ, ಒಂದು ಗೇಣು ದೂರದಲ್ಲಿಯೇ ತರಂಗದ ಬಲ ಬಹುವಾಗಿ ಕುಗ್ಗುತ್ತದೆ, ಖರ್ಚೂ ಇಲ್ಲ.

ಇಲ್ಲೊಂದು ವಿಪರ್ಯಾಸವಿದೆ. ಗೋಪುರ ಹತ್ತಿರವಿದ್ದಷ್ಟೂ ನಮ್ಮ ಕೈಯ ಫೋನು ಮೆಲ್ಲಗೆ ಮಾತನಾಡುತ್ತದೆ. ಗೋಪುರ ದೂರವಾದಷ್ಟೂ, ಹೊಳೆಯ ಆಚೆ ದಡದವನನ್ನು ಕರೆಯುವವನಂತೆ, ಗಟ್ಟಿಯಾಗಿ ಕೂಗುತ್ತದೆ. ಹೆಗ್ಗಡದೇವನಕೋಟೆಯ ಕಾಡಂಚಿನ ಹಳ್ಳಿಯಲ್ಲಿ ಸಂಕೇತ ಸಿಗದೆ ಪರದಾಡುವ ಫೋನು, ನಗರದ ನಡುವಿನ ಫೋನಿಗಿಂತ ಎಷ್ಟೋ ಪಾಲು ಹೆಚ್ಚು ಶಕ್ತಿಯನ್ನು ಹೊರಸೂಸುತ್ತಿರುತ್ತದೆ. ತಲೆಗೆ ತಾಗುವ ತರಂಗದ ಬಹುಪಾಲು ಬರುವುದು ತಲೆಗೆ ತಾಗಿದ ಫೋನಿನಿಂದಲೇ ಹೊರತು ನೂರು ಗಜ ದೂರದ ಗೋಪುರದಿಂದಲ್ಲ. ಶಾಲೆ, ಆಸ್ಪತ್ರೆಗಳ ಬಳಿಯ ಗೋಪುರಗಳನ್ನು ತೆಗೆಸಬೇಕೆಂದು ರಾಜಸ್ಥಾನದ ಉಚ್ಚ ನ್ಯಾಯಾಲಯ ೨೦೧೨ರ ನವೆಂಬರಿನಲ್ಲಿ ಆದೇಶಿಸಿದಾಗ ಅನೇಕರು ಸಂತೋಷಪಟ್ಟರು. ನ್ಯಾಯಾಲಯದ ಕಾಳಜಿಗೆ ನನ್ನ ಗೌರವವಿದೆ. ಆದರೆ ಆ ಕ್ರಮದಿಂದ ಶಾಲೆಯೊಳಗಿನ ಫೋನುಗಳು ಇನ್ನಷ್ಟು ಗಟ್ಟಿಯಾಗಿ ಕೂಗಿಕೊಂಡಾವೆಂಬುದು ಭೌತಶಾಸ್ತ್ರದ ಮಾತು. ಗೋಪುರದ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ: ಹಳೆಯ ಕಟ್ಟಡದ ಮಾಳಿಗೆ ಅದರ ಭಾರವನ್ನು ತಾಳೀತೆ? ಡೀಸೆಲ್ ಜನರೇಟರಿನ ಹೊಗೆ, ಸದ್ದು ಎತ್ತ ಹೋಗುತ್ತವೆ? ಸಿಡಿಲಿಗೆ ಭೂಸಂಪರ್ಕ ಸರಿಯಾಗಿದೆಯೆ? ಇವನ್ನು ಕೇಳುವವರು ವಿರಳ.

ಅಳತೆ ಮಾಡುವುದರಿಂದ ಏನು ಪ್ರಯೋಜನ ಎನ್ನುವವರಿಗೆ ಒಂದು ನಿದರ್ಶನ ಸಾಕು. ೨೦೨೩ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ನಿಯಂತ್ರಣ ಸಂಸ್ಥೆಯವರು ಐಫೋನ್ ೧೨ ಮಾದರಿಯನ್ನು ಪರೀಕ್ಷಿಸಿ, ಕೈಯಲ್ಲಿ ಹಿಡಿದಾಗ ಅದರ ಸಾರ್ ಮೌಲ್ಯ ಕೈಕಾಲುಗಳಿಗೆ ವಿಧಿಸಿದ ೪ ವಾಟ್ ಮಿತಿಯನ್ನು ಮೀರಿ ೫.೭೪ ಇದೆಯೆಂದು ಕಂಡು ಮಾರಾಟವನ್ನೇ ನಿಲ್ಲಿಸಿದರು. ಪ್ರಪಂಚದ ಅತಿ ಶ್ರೀಮಂತ ಕಂಪನಿಯೂ ತಂತ್ರಾಂಶವನ್ನು ತಿದ್ದಿಕೊಡಬೇಕಾಯಿತು. ಅಲ್ಲಿ ಯಾರೂ ಮೆರವಣಿಗೆ ಮಾಡಲಿಲ್ಲ. ಒಂದು ಅಳತೆಯ ಯಂತ್ರವಿತ್ತು, ಅದನ್ನು ಬಳಸುವ ಮನಸ್ಸಿತ್ತು.

ಪ್ರಕೃತ, ಬ್ಯಾಟರಿಯ ವಿಚಾರಕ್ಕೆ ಬರೋಣ. ನನ್ನ ದೃಷ್ಟಿಯಲ್ಲಿ ಮುಖ್ಯವಾದ ಭಾಗ ಇದೇ.

ಲಿಥಿಯಂ ಅಯಾನು ಕೋಶವು ಮಾನವ ಬುದ್ಧಿಯ ಸೊಗಸಾದ ಸೃಷ್ಟಿಗಳಲ್ಲೊಂದು. ಸೋನಿ ಕಂಪನಿ ೧೯೯೧ರಲ್ಲಿ ಅದನ್ನು ಪೇಟೆಗೆ ತಂದಿತು. ಅದಕ್ಕೆ ತಳಹದಿ ಹಾಕಿದ ಜಾನ್ ಗುಡಿನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೋಶಿನೊ ಅವರಿಗೆ ೨೦೧೯ರಲ್ಲಿ ನೊಬೆಲ್ ಪುರಸ್ಕಾರ ಸಂದಿತು. ಗುಡಿನಫ್ ಅವರಿಗೆ ಆಗ ೯೭ ವರ್ಷ. ಈ ಲಿಥಿಯಂ ನಮಗೆ ದೂರದ ವಸ್ತುವೂ ಅಲ್ಲ. ನಮ್ಮ ನೆರೆಯ ಮಂಡ್ಯ ಜಿಲ್ಲೆಯ ಮಾರ್ಲಗಲ್ಲ, ಅಲ್ಲಾಪಟ್ಟಣ ಪ್ರದೇಶದ ಶಿಲೆಗಳಲ್ಲಿ ಅದು ಇರುವುದನ್ನು ಪರಮಾಣು ಖನಿಜ ನಿರ್ದೇಶನಾಲಯದವರು ಗುರುತಿಸಿದ್ದಾರೆ. ೨೦೨೦ರಲ್ಲಿ ೧೪,೧೦೦ ಟನ್ ಎಂದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಮರುವರ್ಷ ಸರ್ಕಾರ ಹೇಳಿದ ಅಂದಾಜು ೧,೬೦೦ ಟನ್. ಸುದ್ದಿಗೂ ಅಳತೆಗೂ ಇರುವ ಅಂತರ ಇಲ್ಲಿಯೂ ಕಾಣುತ್ತದೆ.

ಕೋಶದ ಒಳಗೆ ಒಂದು ಕಡೆ ಗ್ರಾಫೈಟಿನ ಹಾಳೆ, ಇನ್ನೊಂದು ಕಡೆ ಲೋಹದ ಆಕ್ಸೈಡಿನ ಹಾಳೆ. ನಡುವೆ ತಲೆಗೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಪೊರೆ. ಈ ಮೂರನ್ನೂ ಚಾಪೆಯಂತೆ ಸುತ್ತಿಯೋ ಮಡಿಸಿಯೋ ದ್ರವದಲ್ಲಿ ನೆನೆಸಿಟ್ಟಿರುತ್ತಾರೆ. ಆ ದ್ರವ ನೀರಲ್ಲ, ಹತ್ತಿಕೊಂಡು ಉರಿಯುವ ಸಾವಯವ ದ್ರಾವಕ. ಪೊರೆ ಭದ್ರವಾಗಿರುವವರೆಗೂ ಎಲ್ಲ ಕ್ಷೇಮ. ಫೋನು ಕೆಳಗೆ ಬಿದ್ದು ಒಳಗೆ ಜಜ್ಜಿದರೆ, ಕಳಪೆ ಚಾರ್ಜರು ೪.೨ ವೋಲ್ಟಿನ ಮೇಲೆ ತುಂಬಿದರೆ, ಇಲ್ಲವೆ ಶಾಖ ಹೊರಹೋಗಲು ದಾರಿಯಿಲ್ಲದಿದ್ದರೆ ಈ ಪೊರೆಗೆ ಕುತ್ತು. ಸುಮಾರು ನೂರು ಡಿಗ್ರಿಯ ಆಸುಪಾಸಿನಲ್ಲಿ ಒಳಗಿನ ವಸ್ತುಗಳು ತಾವೇ ವಿಘಟನೆಗೊಂಡು ಶಾಖ ಬಿಡಲಾರಂಭಿಸುತ್ತವೆ. ಸುಮಾರು ೧೩೦ ಡಿಗ್ರಿಗೆ ಪೊರೆ ಕರಗುತ್ತದೆ. ಎರಡು ಹಾಳೆಗಳೂ ಒಂದನ್ನೊಂದು ಮುಟ್ಟುತ್ತವೆ. ಆಮೇಲೆ ಶಾಖದಿಂದ ಕ್ರಿಯೆ, ಕ್ರಿಯೆಯಿಂದ ಶಾಖ. ಹೊರಗಿನಿಂದ ಸ್ವಿಚ್ ಆರಿಸಿದರೂ ಅದು ನಿಲ್ಲುವುದಿಲ್ಲ. ೫೦೦೦ ಮಿಲಿ ಆಂಪಿಯರ್ ಗಂಟೆಯ ಒಂದು ಸಾಧಾರಣ ಬ್ಯಾಟರಿಯಲ್ಲಿ ಅಡಗಿರುವ ವಿದ್ಯುಚ್ಛಕ್ತಿ ಸುಮಾರು ೧೯ ವಾಟ್ ಗಂಟೆ. ಒಂದು ಲೋಟ ನೀರನ್ನು ಕುದಿಸಲು ಅಷ್ಟು ಸಾಕು. ಉರಿಯುವ ದ್ರವದ ಶಾಖ ಇದಕ್ಕೆ ಬೇರೆ ಸೇರುತ್ತದೆ. ಅದೇ ಫೋನಿನ ತರಂಗದ ಸಾಮರ್ಥ್ಯ ನಾಲ್ಕನೆಯ ತಲೆಮಾರಿನ ಜಾಲದಲ್ಲಿ ಹೆಚ್ಚೆಂದರೆ ಒಂದು ವಾಟಿನ ಐದನೆಯ ಒಂದು ಪಾಲು. ಯಾವುದು ಮನೆಗೆ ಬೆಂಕಿ ಹಚ್ಚಬಲ್ಲುದೆಂದು ಬೇರೆ ಹೇಳಬೇಕಾಗಿಲ್ಲ.

ಒಳ್ಳೆಯ ಕಂಪನಿಯ ಫೋನು ಕೊಂಡರೆ ಚಿಂತೆಯಿಲ್ಲ ಎನ್ನುವವರಿಗೆ ೨೦೧೬ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ ೭ರ ಪ್ರಕರಣವನ್ನು ನೆನಪಿಸಬೇಕು. ಕೋಶದ ಒಳಗಿನ ಹಾಳೆಗಳ ಮೂಲೆ ಬಾಗಿದ್ದಷ್ಟೇ ದೋಷ. ಅಲ್ಲಲ್ಲಿ ಫೋನುಗಳು ಹೊತ್ತಿಕೊಂಡವು. ಮೊದಲು ಸುಮಾರು ೨೫ ಲಕ್ಷ ಫೋನುಗಳನ್ನು ಹಿಂದಕ್ಕೆ ಕರೆದರು, ಬದಲಿಗೆ ಕೊಟ್ಟವೂ ಹೊತ್ತಿಕೊಂಡಾಗ ಆ ಮಾದರಿಯನ್ನೇ ಕೈಬಿಟ್ಟರು. ನಮ್ಮ ವಿಮಾನಯಾನ ಇಲಾಖೆಯೂ ಅದನ್ನು ವಿಮಾನದಲ್ಲಿ ಬಳಸದಂತೆ ಆಜ್ಞೆ ಮಾಡಿತ್ತು. ಅಷ್ಟು ದೊಡ್ಡ ಕಾರ್ಖಾನೆಯಲ್ಲಿ, ಅಷ್ಟೊಂದು ಪರೀಕ್ಷೆಗಳ ನಡುವೆ ಹೀಗಾದರೆ, ಪೇಟೆಯ ರಸ್ತೆಬದಿಯಲ್ಲಿ ನೂರು ರೂಪಾಯಿಗೆ ಸಿಗುವ ‘ಒರಿಜಿನಲ್’ ಬ್ಯಾಟರಿಯ ಒಳಗೇನಿದೆಯೋ ಬಲ್ಲವರಾರು!

ಚಾರ್ಜರಿನ ಮಾತಂತೂ ಇನ್ನೂ ಗಂಭೀರ. ೨೦೨೩ರ ಆಗಸ್ಟ್ ೨ರಂದು ಕಾರವಾರ ತಾಲ್ಲೂಕಿನ ಸಿದ್ದರ ಗ್ರಾಮದಲ್ಲಿ ಎಂಟು ತಿಂಗಳ ಹಸುಗೂಸೊಂದು, ಸ್ವಿಚ್ ಆರಿಸದೆ ಬಿಟ್ಟಿದ್ದ ಚಾರ್ಜರಿನ ತಂತಿಯ ತುದಿಯನ್ನು ಬಾಯಿಗಿಟ್ಟುಕೊಂಡು ವಿದ್ಯುತ್ ತಗಲಿ ತೀರಿಕೊಂಡಿತು. ಓದಿದವರೆಲ್ಲ ಒಂದು ಕ್ಷಣ ಮರುಗಿದರು. ಮರುದಿನ ಎಂದಿನಂತೆ ಚಾರ್ಜರು ಗೋಡೆಯಲ್ಲಿ ಜೋತಾಡುತ್ತಿತ್ತು. ಸರಿಯಾದ ಚಾರ್ಜರಿನ ತಂತಿಯ ತುದಿಯಲ್ಲಿ ಇರುವುದು ಸಾಮಾನ್ಯವಾಗಿ ೫ ವೋಲ್ಟ್, ಅದರಿಂದ ಜೀವಹಾನಿಯಾಗದು. ಗೋಡೆಯ ೨೩೦ ವೋಲ್ಟಿಗೂ ತುದಿಯ ೫ ವೋಲ್ಟಿಗೂ ನಡುವೆ ಚಾರ್ಜರಿನೊಳಗೆ ಒಂದು ಅಡ್ಡಗೋಡೆಯಿರುತ್ತದೆ: ಎರಡು ಸುರುಳಿಗಳ ನಡುವಿನ ನಿರೋಧಕ ಪದರ, ಫಲಕದ ಮೇಲೆ ಬಿಟ್ಟ ಕೆಲವು ಮಿಲಿಮೀಟರಿನ ಅಂತರ. ಕಳಪೆ ತಯಾರಿಕೆಯವರು ಉಳಿತಾಯ ಮಾಡುವುದು ಅಲ್ಲಿಯೇ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಬಿಳಿಯ ಡಬ್ಬಿ. ತೂಗಿ ನೋಡಿದರೆ ಮಾತ್ರ ಒಮ್ಮೊಮ್ಮೆ ಕಳಪೆಯದು ಹಗುರವಾಗಿರುವುದು ತಿಳಿದೀತು. ಆ ಅಡ್ಡಗೋಡೆ ಕುಸಿದ ದಿನ ಗೋಡೆಯ ವಿದ್ಯುತ್ತೇ ತಂತಿಯ ತುದಿಗೆ ಇಳಿದು ಬರುತ್ತದೆ.

ಭಾರತೀಯ ಮಾನಕ ಸಂಸ್ಥೆ ಈ ವಿಷಯದಲ್ಲಿ ಸುಮ್ಮನೆ ಕುಳಿತಿಲ್ಲ. ಚಾರ್ಜರುಗಳಿಗೆ ಐ.ಎಸ್. ೧೩೨೫೨, ಲಿಥಿಯಂ ಕೋಶಗಳಿಗೆ ಐ.ಎಸ್. ೧೬೦೪೬ ಎಂಬ ಮಾನಕಗಳಿದ್ದು, ಕಡ್ಡಾಯ ನೋಂದಣಿಯ ವ್ಯವಸ್ಥೆಯಿದೆ. ನೋಂದಾಯಿತ ವಸ್ತುವಿನ ಮೇಲೆ ‘ಆರ್’ ಅಕ್ಷರದಿಂದ ಮೊದಲಾಗುವ ಎಂಟು ಅಂಕಿಗಳ ಸಂಖ್ಯೆ ಅಚ್ಚಾಗಿರುತ್ತದೆ. ಅದು ನಿಜವೋ ಖೋಟಾವೋ ಎಂಬುದನ್ನು ಸಂಸ್ಥೆಯವರ ‘ಬಿ.ಐ.ಎಸ್. ಕೇರ್’ ಎಂಬ ಆ್ಯಪಿನಲ್ಲಿ ಯಾರು ಬೇಕಾದರೂ ಪರೀಕ್ಷಿಸಿಕೊಳ್ಳಬಹುದು. ಒಂಬತ್ತನೆಯ ತರಗತಿಯ ಮಕ್ಕಳಿಗೆ ಒಂದು ಗೃಹಪಾಠವಾಗಿ, ‘ನಿಮ್ಮ ಮನೆಯ ಚಾರ್ಜರುಗಳ ಸಂಖ್ಯೆಯನ್ನು ಬರೆದುಕೊಂಡು ಬನ್ನಿ’ ಎಂದು ಹೇಳಿದರೆ ಸಾಕು. ಒಂದು ವಾರದಲ್ಲಿ ಊರಿನ ಅರ್ಧದಷ್ಟು ಚಾರ್ಜರುಗಳ ಜಾತಕ ಹೊರಬಿದ್ದೀತು. ಓಮನ ನಿಯಮವನ್ನು ಬಾಯಿಪಾಠ ಮಾಡಿಸುವ ನಾವು ಇದನ್ನೇಕೆ ಮಾಡಿಸಬಾರದು?

ಉಬ್ಬಿದ ಬ್ಯಾಟರಿಯ ಬಗ್ಗೆ ಎರಡು ಮಾತು. ಫೋನಿನ ಬೆನ್ನು ಮೇಲೆದ್ದಿದ್ದರೆ, ಮೇಜಿನ ಮೇಲಿಟ್ಟಾಗ ಬುಗುರಿಯಂತೆ ತಿರುಗಿದರೆ, ಒಳಗೆ ಅನಿಲ ತುಂಬಿದೆಯೆಂದೇ ಅರ್ಥ. ಅದನ್ನು ಒತ್ತಿ ಕೂರಿಸುವುದು, ಪಿನ್ನಿನಿಂದ ಚುಚ್ಚಿ ಗಾಳಿ ಬಿಡುವುದು, ಮತ್ತೊಂದು ವಾರ ನಡೆಯಲೆಂದು ಚಾರ್ಜಿಗಿಡುವುದು, ಇವೆಲ್ಲ ಆತ್ಮಘಾತಕವಾದ ಮಿತವ್ಯಯ. ಹೊಗೆ ಬಂದ ಫೋನನ್ನು ಕೈಯಿಂದ ಎತ್ತಬಾರದು; ಮೊದಲು ಗೋಡೆಯ ಸ್ವಿಚ್ಚನ್ನು ಆರಿಸಿ, ಮಕ್ಕಳನ್ನು ದೂರ ಕಳುಹಿಸಿ, ವಿದ್ಯುತ್ ಸಂಪರ್ಕ ತಪ್ಪಿದೆಯೆಂದು ಖಾತರಿಯಾದ ಮೇಲೆ ಧಾರಾಳವಾಗಿ ನೀರು ಹುಯ್ದು ತಣಿಸಬೇಕು.

ಈಗ ನಮ್ಮ ಮನೆಯ ಮಾತು. ಪ್ರಸಾದ ನಿಲಯದಲ್ಲಿ ಉಂಡು ಓದಿದವನಾದುದರಿಂದ ಈ ಸಲಿಗೆ ತೆಗೆದುಕೊಳ್ಳುತ್ತಿದ್ದೇನೆ. ಮಠಗಳ ಆಶ್ರಯದಲ್ಲಿ ನಡೆಯುವ ಉಚಿತ ವಿದ್ಯಾರ್ಥಿನಿಲಯಗಳಿಂದ ಈ ಪ್ರಾಂತದ ಎಷ್ಟು ಬಡಮನೆಗಳು ಬೆಳಕು ಕಂಡವೆಂಬುದನ್ನು ಈ ಸಂಚಿಕೆಯ ವಾಚಕರಿಗೆ ನಾನು ಹೇಳಬೇಕಾಗಿಲ್ಲ. ಆ ಕಟ್ಟಡಗಳು ಎದ್ದ ಕಾಲದಲ್ಲಿ ಒಂದು ಕೊಠಡಿಗೆ ಒಂದು ದೀಪ, ಬಹಳವಾದರೆ ಒಂದು ಫ್ಯಾನು. ಪ್ಲಗ್ಗು ಇದ್ದರೆ ಅದು ಮೇಲ್ವಿಚಾರಕರ ಕೋಣೆಯಲ್ಲಿ. ತಂತಿಯನ್ನು ಎಳೆದದ್ದೂ ಆ ಲೆಕ್ಕಕ್ಕೇ. ಇಂದು ಅಂಥದೇ ಹಳೆಯ ಹಾಸ್ಟೆಲ್ ಕೊಠಡಿಗಳಲ್ಲಿ ಆರು ಹುಡುಗರಿದ್ದರೆ ಆರು ಫೋನು. ಒಂದೇ ಪ್ಲಗ್ಗಿಗೆ ಒಂದು ಎಕ್ಸ್‌ಟೆನ್ಷನ್ ಬಾಕ್ಸು, ಅದರಿಂದ ಇನ್ನೊಂದು; ಹಾಸಿಗೆಗಳ ನಡುವೆ ಹರಿದಾಡುವ ತಂತಿಗಳು; ಹುಡುಗರು ಮಲಗಿದ ಮೇಲೆ ಹೊದಿಕೆಯೊಳಗೆ ಬೆಚ್ಚಗೆ ಚಾರ್ಜಾಗುತ್ತಿರುವ ಯಂತ್ರಗಳು. ಹೊದಿಕೆಯೂ ಹತ್ತಿಯದು, ಹಾಸಿಗೆಯೂ ಹತ್ತಿಯದು. ಯಾವ ಒಂದು ಸಂಸ್ಥೆಯನ್ನೂ ಬೆಟ್ಟುಮಾಡಿ ನಾನು ಹೇಳುತ್ತಿಲ್ಲ. ನಾನು ಕಂಡ ವಿದ್ಯಾರ್ಥಿನಿಲಯಗಳಲ್ಲಿ ಬಹುಪಾಲಿನ ಸ್ಥಿತಿ ಇದು.

ಇದಕ್ಕೆ ಕೆಲವರು ಸೂಚಿಸುವ ಪರಿಹಾರ, ಮೊಬೈಲನ್ನೇ ನಿಷೇಧಿಸುವುದು. ತರಗತಿಯೊಳಗೆ ಅದು ಬೇಡವೆಂಬುದಕ್ಕೆ ನನ್ನ ಸಂಪೂರ್ಣ ಸಮ್ಮತಿಯಿದೆ. ಫ್ರಾನ್ಸಿನವರು ೨೦೧೮ರಲ್ಲಿಯೇ ಕಾನೂನಿನ ಮೂಲಕ ಶಾಲೆಗಳಲ್ಲಿ ಅದನ್ನು ತಡೆದರು. ಆದರೆ ಕಾರಣವನ್ನು ಸರಿಯಾಗಿ ಹೇಳಬೇಕು. ಪಾಠದ ಮೇಲೆ ಗಮನ ನಿಲ್ಲುವುದಿಲ್ಲ, ಆಟಕ್ಕೆ ಹೊತ್ತು ಉಳಿಯುವುದಿಲ್ಲ, ನಿದ್ದೆ ಕೆಡುತ್ತದೆ ಎಂದು ಹೇಳೋಣ; ಇವು ನಿಜ. ‘ರೇಡಿಯೇಷನ್ನಿನಿಂದ ತಲೆ ಕೆಡುತ್ತದೆ’ ಎಂದು ಹೆದರಿಸಿದರೆ, ಹುಡುಗ ಪಿ.ಯು. ತರಗತಿಗೆ ಬಂದು ಫೋಟಾನಿನ ಶಕ್ತಿಯ ಲೆಕ್ಕವನ್ನು ತಾನೇ ಮಾಡಿದ ದಿನ ನಮ್ಮ ಮಾತಿನ ಬೆಲೆ ಇಳಿದುಹೋಗುತ್ತದೆ. ಚಾರ್ಜರಿನ ಬಗ್ಗೆ ನಾವು ಹೇಳಿದ ನಿಜವನ್ನೂ ಅವನು ಅದೇ ಗಂಟಿಗೆ ಸೇರಿಸಿ ಎಸೆಯುತ್ತಾನೆ. ಹಾಸ್ಟೆಲ್ಲಿನಲ್ಲಂತೂ ನಿಷೇಧದಿಂದ ಆಗುವುದು ಇಷ್ಟೆ: ಮೇಜಿನ ಮೇಲಿದ್ದ ಫೋನು ದಿಂಬಿನ ಕೆಳಗೆ ಹೋಗುತ್ತದೆ. ಬಚ್ಚಿಟ್ಟು ಚಾರ್ಜ್ ಮಾಡುವುದಕ್ಕಿಂತ ಅಪಾಯಕರವಾದ ಕ್ರಮ ಬೇರೊಂದಿಲ್ಲ.

ಬದಲಿಗೆ ನಾನು ಬಯಸುವುದು ಕಡಿಮೆ ಸದ್ದಿನ ಕೆಲಸ. ಪ್ರತಿ ಅಂತಸ್ತಿನಲ್ಲಿಯೂ ಓಡಾಡುವ ಜಾಗದ ಗೋಡೆಗೆ, ಎಲ್ಲರ ಕಣ್ಣಿಗೆ ಬೀಳುವಂತೆ, ಕಡಪ ಕಲ್ಲಿನ ಹಲಗೆಯೊಂದನ್ನು ಕೂರಿಸಿ ಅಲ್ಲಿ ಚಾರ್ಜಿಗೆ ವ್ಯವಸ್ಥೆ ಮಾಡುವುದು. ಸಂಜೆ ಏಳರಿಂದ ಒಂಬತ್ತೂವರೆಯವರೆಗೆ ಮಾತ್ರ ಅಲ್ಲಿ ವಿದ್ಯುತ್ ಇರುವಂತೆ ಏರ್ಪಡಿಸುವುದು. ಇದರಿಂದ ಓದಿನ ವೇಳೆಯಲ್ಲಿ ಫೋನು ಕೈಯಿಂದ ದೂರವಿರುವ ಲಾಭವೂ ಸೇರುತ್ತದೆ. ವಿದ್ಯುತ್ ಸೋರಿಕೆ ೩೦ ಮಿಲಿ ಆಂಪಿಯರ್ ಮುಟ್ಟಿದ ಕ್ಷಣದಲ್ಲಿಯೇ ಸಂಪರ್ಕ ಕಡಿಯುವ ಸಾಧನವನ್ನು ಪ್ರತಿ ವಿಭಾಗಕ್ಕೂ ಹಾಕಿಸುವುದು, ಇ.ಎಲ್.ಸಿ.ಬಿ. ಎಂದು ಕೇಳಿದರೆ ಎಲೆಕ್ಟ್ರಿಕ್ ಅಂಗಡಿಯಲ್ಲಿ ಕೊಡುತ್ತಾರೆ, ಬೆಲೆ ಕೆಲವೇ ಸಾವಿರ. ಹಳೆಯ ಕಟ್ಟಡಗಳ ಭೂಸಂಪರ್ಕವನ್ನು ವರ್ಷಕ್ಕೊಮ್ಮೆ, ಬೇಸಿಗೆಯ ಕೊನೆಗೆ ನೆಲ ಒಣಗಿರುವಾಗಲೇ, ಅಳತೆ ಮಾಡಿಸುವುದು. ಮಳ್ಳಿಗುಂಡಿಗೆ ಒಂದು ಕೊಡ ನೀರು ಹಾಕಿ ಅಳೆದು ಸರ್ಟಿಫಿಕೇಟು ಬರೆಯುವ ಪದ್ಧತಿಯೂ ಉಂಟೆಂದು ಕೇಳಿದ್ದೇನೆ. ಅದಕ್ಕೆ ಆಸ್ಪದ ಕೊಡಬಾರದು.

ಹಳೆಯ ಬ್ಯಾಟರಿಗಳ ಗತಿಯೇನೆಂಬುದೂ ಉಂಟು. ೨೦೧೬ರಲ್ಲಿ ದೇಶದ ಅತ್ಯಂತ ಸ್ವಚ್ಛ ನಗರವೆಂದು ಹೆಸರು ಪಡೆದ ಊರು ನಮ್ಮದು. ಆ ಹೆಸರಿನ ಹಿಂದೆ ಇರುವುದು ಕಸವನ್ನು ಕೈಯಿಂದ ಬೇರ್ಪಡಿಸುವ ಪೌರಕಾರ್ಮಿಕರ ದುಡಿಮೆ. ಕುಂಬಾರಕೊಪ್ಪಲಿನ ಘಟಕಕ್ಕೆ ಒಮ್ಮೆ ಹೋಗಿ ನೋಡಿದವರಿಗೆ ಇದು ಗೊತ್ತು. ತರಕಾರಿ ಸಿಪ್ಪೆಯೊಡನೆ ನಾವು ಎಸೆದ ಬ್ಯಾಟರಿ ಲಾರಿಯಲ್ಲಿ ಅದುಮಿಸಿಕೊಂಡು ಹೊತ್ತಿಕೊಂಡರೆ ಸುಡುವುದು ಅವರ ಕೈ. ೨೦೨೨ರ ಆಗಸ್ಟಿನಲ್ಲಿ ಜಾರಿಗೆ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯದನ್ನು ಹಿಂದಕ್ಕೆ ಪಡೆಯುವ ಹೊಣೆ ತಯಾರಕರದು. ಶಾಲೆಯ ಬಾಗಿಲಲ್ಲಿ ಮರಳು ತುಂಬಿದ ಒಂದು ಲೋಹದ ಡಬ್ಬಿಯನ್ನಿಟ್ಟು, ಕೊನೆಗಳಿಗೆ ಟೇಪು ಸುತ್ತಿದ ಬ್ಯಾಟರಿಗಳನ್ನು ಮಾತ್ರ ಅದರಲ್ಲಿ ಸಂಗ್ರಹಿಸಿ, ತಿಂಗಳಿಗೊಮ್ಮೆ ಅಧಿಕೃತ ಮರುಬಳಕೆದಾರರಿಗೆ ಒಪ್ಪಿಸುವ ಕೆಲಸವನ್ನು ನಮ್ಮ ವಿಜ್ಞಾನ ಸಂಘದ ಮಕ್ಕಳು, ಒಬ್ಬ ಉಪಾಧ್ಯಾಯರ ಮೇಲ್ವಿಚಾರಣೆಯಲ್ಲಿ, ಸುಲಭವಾಗಿ ಮಾಡಬಲ್ಲರು.

ಕೊನೆಯದಾಗಿ ದಾನಿಗಳಾದ ಮಹನೀಯರಲ್ಲಿ ಒಂದು ಅರಿಕೆ. ಸಭಾಂಗಣಕ್ಕೆ, ಹೆಬ್ಬಾಗಿಲಿಗೆ, ಗೋಡೆಗಡಿಯಾರಕ್ಕೆ, ನೀರಿನ ತೊಟ್ಟಿಗೆ ತಮ್ಮ ಹಿರಿಯರ ಹೆಸರನ್ನು ಕೆತ್ತಿಸಿ ಕೊಟ್ಟವರು ಈ ಸಂಸ್ಥೆಯಲ್ಲಿ ಅನೇಕರಿದ್ದಾರೆ; ಅವರ ಔದಾರ್ಯದಿಂದಲೇ ನಾವೆಲ್ಲ ಅಕ್ಷರ ಕಂಡೆವು. ವೈರಿಂಗಿಗೆ ಮಾತ್ರ ಇದುವರೆಗೆ ಯಾರೂ ದಾನ ಕೊಟ್ಟದ್ದನ್ನು ಕಾಣೆ. ಗೋಡೆಯೊಳಗೆ ಹೂತುಹೋಗುವ ತಂತಿಗೆ ಅಮೃತಶಿಲೆಯ ಫಲಕ ಹಾಕಲು ಸ್ಥಳವಿಲ್ಲವಷ್ಟೆ! ಆದರೂ ಯಾರಾದರೂ ಮುಂದೆ ಬಂದಲ್ಲಿ, ಪ್ರತಿ ಅಂತಸ್ತಿನ ಸ್ವಿಚ್ ಬೋರ್ಡಿನ ಪಕ್ಕದಲ್ಲಿ ಅಂಗೈಯಗಲದ ಹಿತ್ತಾಳೆಯ ಫಲಕವೊಂದನ್ನು ಹಾಕಲು ಆಡಳಿತ ಮಂಡಳಿಯವರು ಅಡ್ಡಿಮಾಡಲಾರರೆಂದು ನಂಬಿದ್ದೇನೆ. ಏಪ್ರಿಲ್, ಮೇ ತಿಂಗಳ ರಜೆಯಲ್ಲಿ ಕೊಠಡಿಗಳು ಖಾಲಿಯಿರುವಾಗ ಕೆಲಸವನ್ನು ಕೈಗೆತ್ತಿಕೊಂಡರೆ, ಜೂನಿನಲ್ಲಿ ಹೊಸ ಹುಡುಗರು ಟ್ರಂಕು ಹೊತ್ತು ಬರುವಷ್ಟರಲ್ಲಿ ಮುಗಿಸಬಹುದು.